ತಣ್ಣೀರಿನ ಸರದಿ

ನೀರು ಬೆಚ್ಚಗಿತ್ತು. ಶಾಲೆಯ ಮಕ್ಕಳ ಊಟದ ಡಬರಿಗಳನ್ನು ಲಾರಿಗೆ ಏರಿಸುತ್ತಿದ್ದ ಶಿಗೆಹಾರುವಿಗೆ ಆ ಬೆಚ್ಚನೆಯ ನೀರು ಬೆನ್ನಿನ ಮೇಲೆ ಇನ್ನೂ ಇಳಿಯುತ್ತಲೇ ಇದೆ ಅನ್ನಿಸುತ್ತಿತ್ತು. ಮೈ ಒರೆಸಿಕೊಂಡು, ಅಂಗಿ ತೊಟ್ಟು, ಹಿಮ ಗುಡಿಸಿದ ರಸ್ತೆಯಲ್ಲಿ ಇಷ್ಟು ದೂರ ಬಂದಿದ್ದರೂ ಅದು ಒಣಗಿರಲಿಲ್ಲ. ಬೆಳಗಿನ ಜಾವ ಎದ್ದು ಹಿಂಬಾಗಿಲು ತೆರೆದಾಗ ಕಾಲುವೆಗೆ ಇಳಿಯುವ ಕಲ್ಲುಮೆಟ್ಟಿಲು ಹಿಮದಡಿ ಕಾಣದಂತಾಗಿತ್ತು. ಮರದ ಬಕೀಟು ಕೈಯಲ್ಲಿ ಹಿಡಿದು ಅವನು ಅಲ್ಲೇ ನಿಂತ. ಆಮೇಲೆ ಏನೂ ಯೋಚಿಸದೆ, ಮರೆತಿದ್ದ ವಸ್ತುವನ್ನು ತರಲು ಒಳಗೆ ಹೋಗುವವನ ಹಾಗೆ ತಿರುಗಿ, ಬಚ್ಚಲಿಗೆ ಹೋಗಿ, ರಾತ್ರಿಯ ಸ್ನಾನದ ತೊಟ್ಟಿಯ ಮುಚ್ಚಳ ಸರಿಸಿ, ಉಳಿದಿದ್ದ ನೀರನ್ನು ಮೈಮೇಲೆ ಸುರಿದುಕೊಂಡ. ಸುರಿದುಕೊಂಡದ್ದಕ್ಕಿಂತ, ಬೇಕೆಂದೇ ಸದ್ದಾಗುವಂತೆ ಸುರಿದುಕೊಂಡದ್ದು ಹೆಚ್ಚು ಅಸಹ್ಯವೆನಿಸಿತು. ಯಾರಿಗೆ ಕೇಳಲಿ ಎಂದು? ಪಕ್ಕದ ಕೋಣೆಯಲ್ಲಿ ಮಲಗಿದ್ದ ಹೆಂಡತಿಗೋ, ಮುಂದಿನ ಕೋಣೆಯ ಗೂಡಿನಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿದ್ದ ದೇವರ ಪೆಟ್ಟಿಗೆಗೋ? ಒದ್ದೆ ತಲೆಯಲ್ಲೇ ಬಂದು ಆ ಪೆಟ್ಟಿಗೆಯ ಮುಂದೆ ಚಪ್ಪಾಳೆ ತಟ್ಟಿ ಬಾಗಿದ್ದ. ಪ್ರತಿದಿನ ಮರಗಟ್ಟಿದ ಕೈಗಳಿಂದ ಒಣ ಹಲಗೆ ಮುರಿದಂತೆ ಬರುವ ಸದ್ದು ಇವತ್ತು ಮೆತ್ತಗೆ, ಎರಡು ತುಂಡು ಮೀನನ್ನು ಒಂದಕ್ಕೊಂದು ಬಡಿದ ಹಾಗೆ ಬಂತು.

"ಇವತ್ತು ಬಚ್ಚಲಲ್ಲಿ ಏನು ಜೋರು ರೀ," ಎಂದಿದ್ದಳು ಮಿತ್ಸುಯೊ, ಅವನ ಅನ್ನಕ್ಕೆಂದೇ ಬೇರೆ ಇಟ್ಟಿದ್ದ ಪುಟ್ಟ ಮಣ್ಣಿನ ಒಲೆಯನ್ನು ಊದುತ್ತ. ಆ ವರ್ಷವೆಲ್ಲ ಅವನ ಊಟ ಬೇರೆ ಬೆಂಕಿಯಲ್ಲೇ ಬೇಯಬೇಕು. "ಕಾಲುವೆ ಮನೆಯೊಳಗೇ ಬಂದುಬಿಡ್ತೇನೋ ಅಂದ್ಕೊಂಡೆ." ಅವಳು ತಲೆ ಎತ್ತಿ ನೋಡಲಿಲ್ಲ. ತಲೆ ಎತ್ತದಿರುವುದೇ ಅವಳ ದಯೆ ಎಂದು ಅವನಿಗೆ ಗೊತ್ತಾಯಿತು; ಆ ದಯೆ ಉಗುರಿನ ಸಂದಿಯಲ್ಲಿ ಹೊಕ್ಕ ಸಿಬಿರಿನ ಹಾಗೆ ಲಾರಿಯ ಸ್ಟಿಯರಿಂಗ್ ಹಿಡಿಯುವತನಕ ಚುಚ್ಚುತ್ತಿತ್ತು.

ಸರೋವರದ ಪಡುವಣ ದಂಡೆಯ ಆ ಊರಿನಲ್ಲಿ ದೇವರಿಗೆ ಹುಟ್ಟಾ ಪೂಜಾರಿಯಿಲ್ಲ. ಮನೆಯಿಂದ ಮನೆಗೆ ಸರದಿ ಬರುತ್ತದೆ. ಸರದಿ ಬಂದವನು ತಾತಾಮಿ ಚಾಪೆ ಹೆಣೆಯುವವನಾಗಿರಲಿ, ಅವನಂತೆ ಊಟದ ಲಾರಿ ಓಡಿಸುವವನಾಗಿರಲಿ, ಒಂದು ವರ್ಷ ಊರಿನ ಪೂಜಾರಿ. ಮಾಂಸ ಮುಟ್ಟಬಾರದು, ಸಾವಿನ ಮನೆಗೆ ಕಾಲಿಡಬಾರದು, ಬೆಳಗಿನ ಕತ್ತಲಲ್ಲಿ ಕಾಲುವೆಗಿಳಿದು ತಣ್ಣೀರು ಹುಯ್ದುಕೊಳ್ಳಬೇಕು. ಕಳೆದ ವರ್ಷದ ಸರದಿ ಕಾಲುವೆಯ ಮೇಲ್ಗಡೆ ಮನೆಯ ಯಾಸುಕಿಚಿಯದು. ಚಾಪೆ ಹೆಣೆದು ಹೆಣೆದು ಹೆಬ್ಬೆರಳು ಚಮಚದಂತೆ ಚಪ್ಪಟೆಯಾಗಿದ್ದ ಮುದುಕ. ಪೆಟ್ಟಿಗೆಯನ್ನು ಹಸ್ತಾಂತರಿಸಿದ ಸಂಜೆ ಉಸಿರು ತಾಕದಿರಲೆಂದು ಇಬ್ಬರೂ ಹಲ್ಲುಗಳ ನಡುವೆ ಒಂದೊಂದು ಹಸಿರೆಲೆ ಕಚ್ಚಿಕೊಂಡಿದ್ದರು, ಮಾತಾಡುವಂತಿರಲಿಲ್ಲ. ಭಾರವಿರುತ್ತದೆಂದು ತೋಳು ಬಿಗಿ ಮಾಡಿ ನಿಂತಿದ್ದ ಶಿಗೆಹಾರುವಿನ ಕೈಗೆ ಪೆಟ್ಟಿಗೆ ಬಂದಾಗ ಅದರಲ್ಲಿ ಏನೂ ಇಲ್ಲವೆನ್ನುವಷ್ಟು ಹಗುರವಾಗಿತ್ತು, ಬಿಗಿ ಮಾಡಿದ್ದ ತೋಳು ತಾನಾಗಿ ಮೇಲಕ್ಕೆ ಹಾರಿ ಪೆಟ್ಟಿಗೆ ಗಲ್ಲಕ್ಕೆ ಬಡಿಯಿತು. ಎಲೆ ಕಚ್ಚಿಕೊಂಡಿದ್ದಂತೆಯೇ ಮುದುಕನ ಕಣ್ಣು ನಕ್ಕಿತು. ಆಮೇಲೆ ಬೀಳ್ಕೊಡುವಾಗ, "ಪೂಜಾರಪ್ಪ, ಒಳಗೇನಿದೆ ಅಂತ ತಲೆ ಕೆಡಿಸ್ಕೋಬೇಡ. ನಾನೂ ವರ್ಷಪೂರ್ತಿ ಅದನ್ನೇ ಯೋಚಿಸ್ತಾ ಮೊಣಕಾಲು ನೋಯಿಸ್ಕೊಂಡೆ," ಅಂದಿದ್ದ. ಅಷ್ಟೇ. ಮಂತ್ರವಿಲ್ಲ, ಉಪದೇಶವಿಲ್ಲ. ಆ ದಿನದಿಂದ ಶಿಗೆಹಾರು ಕಾಯುತ್ತಲೇ ಇದ್ದ, ತನ್ನೊಳಗೆ ಏನಾದರೂ ಆಗುತ್ತದೆಂದು. ನೀರು ಹುಯ್ದುಕೊಂಡ ಮೇಲೆ ಹಲ್ಲು ಕಟಕಟಿಸುವುದೊಂದು ಬಿಟ್ಟು ಏನೂ ಆಗಿರಲಿಲ್ಲ. ತನ್ನನ್ನು ಕಂಡು ಬಾಗುವ ಊರಿನವರಿಗೆ ತಾನು ಮೋಸ ಮಾಡುತ್ತಿದ್ದೇನೆಂದು ಅವನಿಗೆ ಇಂದೇ ಮೊದಲ ಸಲ ಅನ್ನಿಸಿದ್ದೇನಲ್ಲ.

ಅಡುಗೆ ಕೇಂದ್ರದಲ್ಲಿ ಅಂದು ಅನ್ನಕ್ಕೆ ಮಾಂಸದ ಕರ್ರಿ. ಹಂದಿಮಾಂಸ, ಈರುಳ್ಳಿ, ಗೆಣಸಿನ ಆ ಸಿಹಿಖಾರದ ಹಬೆ ಲಾರಿಯ ಹಿಂಬದಿಯಿಂದ ಬಂದು ಕುತ್ತಿಗೆಗೆ ಸುತ್ತಿಕೊಳ್ಳುತ್ತಿತ್ತು. "ಪೂಜಾರಿಗಳು ವಾಸನೆ ತಗೋಬಹುದೋ, ಅದಕ್ಕೂ ಮಡಿಯೋ?" ಎಂದಳು ಡಬರಿ ಎತ್ತಿಕೊಡುತ್ತಿದ್ದ ಹೆಂಗಸು. ದಿನವೂ ಕೇಳುವ ತಮಾಷೆ. "ವಾಸನೇಲೇ ಹೊಟ್ಟೆ ತುಂಬಿಸ್ಕೊಂಡು ಹೋಗ್ತೀನಮ್ಮ," ಎಂದು ದಿನವೂ ಹೇಳುವ ಉತ್ತರವನ್ನು ಅವನೂ ಹೇಳಿದ. ಆಗಲೇ ಜೇಬಿನ ಫೋನು ನಡುಗಿತು. ಮಿತ್ಸುಯೊ. "ಯಾಸುಕಿಚಿ ಅಜ್ಜ ಕಾಲುವೆ ಹತ್ರ ಬಿದ್ದುಬಿಟ್ಟಿದ್ದಾರಂತೆ. ಬೆಳಗಿನ ಜಾವ. ತಲೆಗೆ ಏಟು. ಆಂಬುಲೆನ್ಸ್ ಬಂದು ಪಟ್ಟಣಕ್ಕೆ ಕರ್ಕೊಂಡು ಹೋಯ್ತು. ಎಚ್ಚರ ಇಲ್ಲ." ಸ್ವಲ್ಪ ತಡೆದು, "ನೀವು ಮಾತ್ರ ಅಲ್ಲಿಗೆ ಹೋಗಬೇಡಿ," ಎಂದಳು. ಯಾಕೆಂದು ಹೇಳಬೇಕಿರಲಿಲ್ಲ. ಅವನು ಹೋದಾಗಲೇ ಮುದುಕನ ಉಸಿರು ನಿಂತರೆ ಪೂಜಾರಿಗೆ ಮೈಲಿಗೆ. ಊರಿನ ವರ್ಷವೇ ನಡುವಲ್ಲಿ ಕಡಿದು ಬೀಳುತ್ತದೆ.

ಬೆಳಗಿನ ಜಾವ ಎಂದರೆ ಯಾವಾಗ ಎಂದು ಅವನು ಕೇಳಲಿಲ್ಲ. ಕೇಳುವ ಮೊದಲೇ ಒಳಗೆ ಯಾರೋ ಉತ್ತರ ಹೇಳಿಯಾಗಿತ್ತು. ತಾನು ತೊಟ್ಟಿಯ ಮುಚ್ಚಳ ಸರಿಸಿದ ಹೊತ್ತು. ಒಂದು ಶಾಲೆಯ ಅಂಗಳದಿಂದ ಇನ್ನೊಂದರ ಅಂಗಳಕ್ಕೆ ಲಾರಿ ಹೋಯಿತು. ಮಕ್ಕಳು ಬಿಳಿ ಟೋಪಿ ಬಿಳಿ ಮೇಲಂಗಿ ತೊಟ್ಟು ಸಾಲಾಗಿ ಬಂದು ಡಬರಿಗಳನ್ನು ಇಬ್ಬಿಬ್ಬರಾಗಿ ಹೊತ್ತುಕೊಂಡು ಹೋದರು. ಅವರು ಪುಟ್ಟ ಪೂಜಾರಿಗಳ ಹಾಗೆ ಕಂಡರು. ಒಬ್ಬ ಹುಡುಗಿಯ ಕೈ ಸೋತಾಗ ಏನೂ ಹೇಳದೆ ಇನ್ನೊಬ್ಬಳು ಹಿಡಿಕೆಯನ್ನು ಸ್ವಲ್ಪ ಹೆಚ್ಚು ತನ್ನ ಕಡೆ ಎಳೆದುಕೊಂಡಳು. ತಾನು ಈ ವಯಸ್ಸಿನವನಾಗಿದ್ದಾಗ ಅಪ್ಪನ ಸರದಿ ಬಂದಿತ್ತು. ಇಡೀ ವರ್ಷ ಅಪ್ಪ ಬೇರೆ ಕೋಣೆಯಲ್ಲಿ ಮಲಗುತ್ತಿದ್ದ, ಬೇರೆ ಬೆಂಕಿಯ ಅನ್ನ ತಿನ್ನುತ್ತಿದ್ದ. ಸರೋವರದಲ್ಲಿ ಮುಳುಗಿ ಸತ್ತ ತರಗತಿಯ ಹುಡುಗನೊಬ್ಬನ ಮನೆಗೆ ಹೋಗಿ ಬಂದ ದಿನ ಶಿಗೆಹಾರು ಅಪ್ಪನ ಕಡೆಗೆ ಓಡಿದರೆ ಅಪ್ಪ ಹಿಂದಕ್ಕೆ ಸರಿದಿದ್ದ. ಸರಿದಾಗ ಅಪ್ಪನ ಎರಡು ಕೈಗಳೂ ಮುಂದೆ ಚಾಚಿಯೇ ಇದ್ದವು. ಕಾಲು ಹಿಂದಕ್ಕೆ, ಕೈ ಮುಂದಕ್ಕೆ. ಆ ಆಕಾರವನ್ನು ಅವನು ಎಷ್ಟೋ ವರ್ಷ ಕ್ಷಮಿಸಿರಲಿಲ್ಲ. ಈಗ ಸ್ಟಿಯರಿಂಗಿನ ಮೇಲೆ ಚಾಚಿಕೊಂಡಿದ್ದ ತನ್ನ ಕೈಗಳನ್ನು ನೋಡಿದ. ಆಸ್ಪತ್ರೆಯ ಕಡೆಗೆ ತಿರುಗುವ ರಸ್ತೆ ಎಡಗಡೆ ಬಂತು. ಲಾರಿ ನೇರ ಹೋಯಿತು.

ಮಧ್ಯಾಹ್ನ ಊರಿಗೆ ಮರಳಿದಾಗ ದೇವಸ್ಥಾನದ ಕಲ್ಲು ಕಮಾನಿನ ಕೆಳಗೆ ಹಿರಿಯ ಸದಾಗೊರೊ ಸಲಿಕೆಯಿಂದ ಹಿಮ ಎತ್ತಿಹಾಕುತ್ತಿದ್ದ. ಸರದಿ ಮುಗಿಸಿದ ಮನೆಗಳ ಯಜಮಾನರಿಗೆಲ್ಲ ಹಿರಿಯ. ಶಿಗೆಹಾರುವಿಗೆ ಬಾಲ್ಯದಲ್ಲಿ ಈಜು ಕಲಿಸಿದವನು, ಪ್ಲಮ್ ಕದ್ದಾಗ ಕಿವಿ ಹಿಂಡಿದವನು. ಅವನೀಗ ಸಲಿಕೆ ಬದಿಗಿಟ್ಟು, ಟೋಪಿ ತೆಗೆದು, ನಡುಬಗ್ಗಿಸಿ ನಮಸ್ಕರಿಸಿದ. "ಪೂಜಾರಿಗಳು ಬಂದಿರಾ. ಶೀತ ಜಾಸ್ತಿ ಇವತ್ತು." ಬಗ್ಗಿದ ಆ ಬೋಳುತಲೆಯ ಮೇಲೆ ಹಿಮದ ಹರಳು ಕರಗುತ್ತಿದ್ದವು. ಕಿವಿ ಹಿಂಡಬಾರದೇ ಎಂದುಕೊಂಡ ಶಿಗೆಹಾರು.

"ಸದಾಗೊರೊ ಅಜ್ಜ, ನಿಮ್ಮ ಹತ್ರ ಒಂದು ಮಾತು ಹೇಳಬೇಕು. ಇವತ್ತು ಬೆಳಿಗ್ಗೆ ನಾನು..."

"ಹೇಳಬೇಡಿ."

"ಕೇಳಿ ಅಜ್ಜ, ನನ್ನಿಂದ ಆಗಲ್ಲ. ನಾನು ಪೆಟ್ಟಿಗೆ ಬಿಟ್ಟುಕೊಡ್ತೀನಿ. ನನ್ನ ತಪ್ಪಿಂದ..."

"ಬೇಡ ಅಂದೆ," ಎಂದ ಮುದುಕ, ಬೇಸರವೇನೂ ಇಲ್ಲದೆ, ಬಾಗಿಲಿಗೆ ಬಂದ ಮಾರಾಟದವನಿಗೆ ಹೇಳುವ ಹಾಗೆ. "ನಾನು ಕೇಳಿಸ್ಕೊಂಡ್ರೆ ಅದು ನನ್ನದಾಗುತ್ತೆ. ಈ ವಯಸ್ಸಲ್ಲಿ ನಂದೇ ಹೊರೋಕಾಗ್ತಿಲ್ಲ. ದೇವರನ್ನ ಮನೇಲಿ ಇಟ್ಕೊಂಡೋರು ಬೀದೀಲಿ ನಿಂತು ನನ್ನಂಥೋನ್ನ ಕೇಳ್ತಾರೇನ್ರೀ?" ಸಲಿಕೆ ಎತ್ತಿಕೊಂಡ. ಆಮೇಲೆ ಕಾಲುವೆಯ ಕಡೆಗೆ ಗಲ್ಲ ಎತ್ತಿ, "ಯಾಸುಕಿಚಿ ಹೆಂಡತಿ ಕೀನುಯೊ ಆಸ್ಪತ್ರೆಗೆ ಬಟ್ಟೆಬರೆ ತಗೊಂಡು ಹೋಗೋಕೆ ಬಂದಿದಾಳೆ. ಆ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿದೆ, ಮತ್ತೊಬ್ಬರು ಬಿದ್ದಾರು. ಕೈಯಲ್ಲಾದ್ರೆ ಕೆರೆದು ಹೋಗಿ," ಎಂದು ಸಲಿಕೆಯನ್ನು ಅವನ ಕೈಗಿಟ್ಟ.

ಯಾಸುಕಿಚಿಯ ಮನೆಯ ಹಿಂದಿನ ಮೆಟ್ಟಿಲುಗಳಲ್ಲಿ ಆಂಬುಲೆನ್ಸಿನವರ ಬೂಟುಗಳ ಗುರುತು ಹೆಪ್ಪುಗಟ್ಟಿದ್ದವು. ಶಿಗೆಹಾರು ಬಗ್ಗಿ ಸಲಿಕೆಯ ಅಂಚಿನಿಂದ ಕೆರೆಯತೊಡಗಿದ. ಇಷ್ಟು ಹಿಮದಲ್ಲಿ, ಇಷ್ಟು ವಯಸ್ಸಾದವನು, ಕತ್ತಲಲ್ಲಿ ಇಲ್ಲಿ ಏನು ಮಾಡುತ್ತಿದ್ದ? ಬೆಳಗಿನಿಂದ ಹತ್ತು ಕಡೆ ತಿರುಗಿದ ಮನಸ್ಸು ಈ ಒಂದು ಪ್ರಶ್ನೆಯ ಬಳಿಗೆ ಹೋಗಿರಲಿಲ್ಲ. ತನ್ನ ತಪ್ಪು ಅಷ್ಟು ದೊಡ್ಡದಾಗಿ ಕಣ್ಣಿಗೆ ಅಡ್ಡ ನಿಂತಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಸಲಿಕೆಗೆ ಏನೋ ತಾಗಿತು. ಒಂದು ನೀಲಿ ಪ್ಲಾಸ್ಟಿಕ್ ಬಕೀಟು, ಪಕ್ಕಕ್ಕೆ ಉರುಳಿ ಹಿಮ ತುಂಬಿಕೊಂಡದ್ದು. ಅದರಾಚೆ ಕಲ್ಲಿನ ಮೇಲೆ ಸೆಟೆದು ನಿಂತ ಬಿಳಿ ಅರಿವೆ. ಎಳೆದ, ಹಲಗೆಯ ಹಾಗೆ ಬಂತು. ಅದು ಏನೆಂದು ಅವನ ಕೈಗೆ ಮೊದಲು ಗೊತ್ತಾಯಿತು. ಪ್ರತಿ ಬೆಳಿಗ್ಗೆ ತಾನು ಸೊಂಟಕ್ಕೆ ಸುತ್ತಿಕೊಂಡು ಕಾಲುವೆಗಿಳಿಯುವ ಅದೇ ಬಿಳಿ ಹತ್ತಿಯ ಬಟ್ಟೆ. ಪೂಜಾರಿಯ ಬಟ್ಟೆ. ತನ್ನದು ಮನೆಯಲ್ಲಿ, ಒಣಗಿದ್ದ ಹಾಗೇ ಇದೆ, ಇವತ್ತು ಒದ್ದೆಯಾಗಿಯೇ ಇಲ್ಲ.

ಅವನು ಹಿಮದಲ್ಲಿ ಮಂಡಿಯೂರಿದ್ದ. ಬಟ್ಟೆಯಲ್ಲಿ ಮುದುಕನ ಸೊಂಟದ ದುಂಡು ಹಾಗೆಯೇ ಹೆಪ್ಪುಗಟ್ಟಿತ್ತು.

"ನೋಡಿಬಿಟ್ಟೆಯಾ." ಮೇಲಿನ ಮೆಟ್ಟಿಲಲ್ಲಿ ಕೀನುಯೊ ನಿಂತಿದ್ದಳು, ಒಂದು ಕೈಯಲ್ಲಿ ಬಟ್ಟೆಯ ಗಂಟು. ಪೂಜಾರಿಗೆ ಕೊಡುವ ಬಹುವಚನ ಅವಳ ಬಾಯಲ್ಲಿ ಉಳಿದಿರಲಿಲ್ಲ. "ನಾನಂತೂ ಹೇಳ್ಲಿಲ್ಲ, ಶಿಗೆ. ನೀನೇ ನೋಡಿದ್ದು. ಆಮೇಲೆ ಯಾರಾದ್ರೂ ಕೇಳಿದ್ರೆ ಹಾಗೇ ಹೇಳು."

"ಅವರ ವರ್ಷ ಮುಗೀತಲ್ಲ ಅಜ್ಜಿ. ಪೆಟ್ಟಿಗೆ ನನ್ನ ಮನೇಲಿದೆಯಲ್ಲ. ಮತ್ತೆ ಯಾಕೆ..."

"ನೀನು ಏಳದೆ ಇದ್ರೆ ಅಂತ." ಅವಳು ಅದನ್ನು ಹೇಳಿದ ರೀತಿಯಲ್ಲಿ ಆಪಾದನೆಯಿರಲಿಲ್ಲ, ಕೊಡೆ ಯಾಕೆಂದು ಕೇಳಿದರೆ ಮಳೆ ಬಂದರೆ ಅಂತ ಎನ್ನುವ ಹಾಗಿತ್ತು. "ಜ್ವರ ಬರುತ್ತೆ, ನಿದ್ದೆ ಹತ್ತುತ್ತೆ, ಮನಸ್ಸು ಬೇಡ ಅನ್ನುತ್ತೆ. ನಮ್ಮೋರಿಗೂ ಅವರ ವರ್ಷದಲ್ಲಿ ಆಗಿತ್ತು. ಬೇಸಿಗೇಲಿ ಸುಸ್ತಾಗಿ ಹಾಸಿಗೆ ಬಿಟ್ಟು ಎದ್ದೇ ಇರ್ಲಿಲ್ಲ, ಊರಿಗೆ ಗೊತ್ತೇ ಇಲ್ಲ. ಆಗ ನೀರು ಯಾರು ಹುಯ್ದ್ರೋ."

"ಇವತ್ತು ನಾನು ಎದ್ದಿದ್ದೆ," ಎಂದ ಅವನು. "ಎದ್ದೂ ಬರ್ಲಿಲ್ಲ ಅಜ್ಜಿ. ಬಚ್ಚಲಲ್ಲಿ ಬಿಸಿನೀರು..."

ಕೀನುಯೊಳ ಮುಖದ ಮೇಲೆ ಬೆಳಗಿನಿಂದ ಬಿಗಿದಿದ್ದ ಏನೋ ಒಂದು ಕ್ಷಣ ಬಿಚ್ಚಿಕೊಂಡಿತು. ಅವಳು ಬೈಯುತ್ತಾಳೆಂದು ಅವನು ಕಾದ. ಬೈದರೆ ಎಷ್ಟು ಹಗುರಾಗುತ್ತಿತ್ತು.

"ಹಂಗಾದ್ರೆ ಅವರು ಬಿದ್ದದ್ದು ಸುಮ್ಮನೆ ಬಿದ್ದದ್ದಲ್ಲ," ಎಂದಳು ಕೊನೆಗೆ. "ಇವತ್ತು ಬೇಕಾಗಿತ್ತು ನೋಡು. ನಾನು ದಿನಾ ಹಂಗಿಸ್ತಿದ್ದೆ, ಆ ಶಿಗೆ ಗಟ್ಟಿ ಮನುಷ್ಯ, ತಪ್ಪೋನಲ್ಲ, ನೀವು ಸುಮ್ಮನೆ ಹೋಗಿ ಚಳೀಲಿ ಸಾಯ್ತೀರಿ ಅಂತ." ಸಾಯ್ತೀರಿ ಎಂಬ ಮಾತು ಬಾಯಿಂದ ಬಿದ್ದದ್ದಕ್ಕೆ ಬೆಚ್ಚಿ ಅವಳು ತುಟಿ ಮುಚ್ಚಿಕೊಂಡಳು. "ಆಸ್ಪತ್ರೇಲಿ ರಾತ್ರಿ ಇರೋಕೆ ಬಿಡಲ್ಲ. ಏನಾದ್ರೂ ಆದ್ರೆ ಫೋನ್ ಮಾಡ್ತಾರಂತೆ. ನೀನು ಬರಬೇಡ, ಶಿಗೆ. ನಿನ್ನ ಕೆಲಸ ಇಲ್ಲಿದೆ."

"ಅವರೊಬ್ಬರೇನಾ ಅಜ್ಜಿ? ಹೀಗೆ ಹುಯ್ಕೊಳ್ಳೋದು?"

"ನನಗೇನು ಗೊತ್ತು. ನಾನು ಹೆಂಗಸು, ಹಾಸಿಗೇಲಿ ಬೆಚ್ಚಗೆ ಮಲಗಿರ್ತೀನಿ." ಗಂಟನ್ನು ಕೈ ಬದಲಾಯಿಸಿದಳು. "ನೀನು ಯಾವತ್ತಾದ್ರೂ ಕಿವಿ ಕೊಟ್ಟಿದ್ಯಾ? ನೀರು ಹುಯ್ದ್ಕೊಂಡ ತಕ್ಷಣ ಬೆಕ್ಕಿನ ಹಾಗೆ ಒಳಗೆ ಓಡ್ತೀಯಂತೆ. ಅವರು ಹೇಳಿ ನಗೋರು."

ಮನೆಗೆ ಬಂದವನು ಪೆಟ್ಟಿಗೆಯ ಮುಂದೆ ಕೂತ. ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆದ. ಪೆಟ್ಟಿಗೆ ಸುಮ್ಮನಿತ್ತು; ಅದು ಎಂದೂ ಸುಮ್ಮನೆಯೇ ಇತ್ತು. ಆ ಸುಮ್ಮನಿರುವಿಕೆಯನ್ನು ಇಷ್ಟು ದಿನ ತಿರಸ್ಕಾರವೆಂದು ತಿಳಿದಿದ್ದ. ಇವತ್ತು ಅದು ಸದಾಗೊರೊನ ಹಾಗೆ, ನಿನ್ನದನ್ನು ನೀನೇ ಹೊರು ಎಂದು ಹೇಳಿ ಸಲಿಕೆಯನ್ನು ಮಾತ್ರ ಕೈಗೆ ಕೊಟ್ಟ ಹಾಗೆ ಕಂಡಿತು. ಮಿತ್ಸುಯೊ ಬಾಗಿಲ ಬಳಿ ಬಂದು, ಅವನನ್ನು ನೋಡಿ, ದೀಪ ಹಾಕದೆ ಹಿಂದಿರುಗಿದಳು. ಸ್ವಲ್ಪ ಹೊತ್ತಿಗೆ ಬಚ್ಚಲಿನಲ್ಲಿ ನೀರು ಖಾಲಿಯಾಗುವ ಸದ್ದು ಕೇಳಿತು. ಅವಳು ಸ್ನಾನದ ತೊಟ್ಟಿಯ ಬಿರಡೆ ಎಳೆದಿದ್ದಳು.

ಆ ಸದ್ದು ಕೇಳುತ್ತ ಕೇಳುತ್ತ ಅವನಿಗೆ ಇನ್ನೊಂದು ಸದ್ದು ನೆನಪಿಗೆ ಬಂತು. ನೆನಪಿಗೆ ಬಂತೆನ್ನುವುದಕ್ಕಿಂತ ಅದು ಅಲ್ಲಿಯೇ ಇತ್ತು, ಬೇರೆ ಸದ್ದುಗಳು ಸರಿದು ಜಾಗ ಬಿಟ್ಟವು. ಅಪ್ಪನ ವರ್ಷ ಮುಗಿದಿತ್ತು. ಪೆಟ್ಟಿಗೆ ಬೇರೆಯವರ ಮನೆಗೆ ಹೋಗಿತ್ತು. ಅಪ್ಪ ಮತ್ತೆ ಅವರೊಂದಿಗೆ ಒಂದೇ ಹೊದಿಕೆಯಡಿ ಮಲಗತೊಡಗಿದ್ದ. ಆದರೂ ಕತ್ತಲಲ್ಲಿ ಎಚ್ಚರವಾದಾಗ ಅಪ್ಪನ ಜಾಗ ಬಿಸಿ ಉಳಿಸಿಕೊಂಡು ಖಾಲಿಯಿರುತ್ತಿತ್ತು, ಹಿತ್ತಲ ಕಡೆಯಿಂದ ನೀರು ಕಲ್ಲಿನ ಮೇಲೆ ಬೀಳುವ ಸದ್ದು. "ಅಮ್ಮ, ಅಪ್ಪ ಇನ್ನೂ ಯಾಕೆ..." ಎಂದು ಅವನು ಕೇಳಿದ್ದ. ಅಮ್ಮ ಅವನ ಕಿವಿಯ ಮೇಲೆ ಅಂಗೈ ಮುಚ್ಚಿ, "ಮೂಲಂಗಿ ತೊಳೀತಿದ್ದಾರೆ, ಮಲಕ್ಕೋ," ಎಂದಿದ್ದಳು. ಆ ಅಂಗೈಯ ಬಿಸಿಯೂ ಇನ್ನೂ ಕಿವಿಯ ಮೇಲಿತ್ತು. ಹಾಗಾದರೆ ತನಗೆ ಗೊತ್ತಿತ್ತು. ಯಾರೂ ಹೇಳಿಕೊಡದಿದ್ದರೂ ಗೊತ್ತಿತ್ತು; ಇಷ್ಟು ವರ್ಷ ತನ್ನೊಳಗೆ ಏನೂ ಇಲ್ಲವೆಂದು ತಾನು ತಡಕಾಡುತ್ತಿದ್ದ ಕತ್ತಲಲ್ಲಿ ಅದು ಕೈಗೆ ಸಿಗುವಷ್ಟು ಹತ್ತಿರ ಕೂತಿತ್ತು. ಅಪ್ಪ ಯಾರಿಗಾಗಿ ಹುಯ್ದುಕೊಳ್ಳುತ್ತಿದ್ದ? ಮುಂದಿನ ಸರದಿಯವನಿಗಾಗಿ, ಅವನ ಮುಂದಿನವನಿಗಾಗಿ. ಸಾಯುವ ಹಿಂದಿನ ಚಳಿಗಾಲದಲ್ಲಿ ಅಪ್ಪ ಕೆಮ್ಮುತ್ತಿದ್ದದ್ದು, ಒದ್ದೆ ಕೂದಲು, ವೈದ್ಯರು ಬೈದದ್ದು. ಮೂಲಂಗಿ ತೊಳೆಯುತ್ತಿದ್ದ ಅಪ್ಪ.

ಮರುದಿನ ಬೆಳಗಿನ ಜಾವ ಅವನು ಹಿಂಬಾಗಿಲು ತೆರೆದಾಗ ಹಿಮ ನಿಂತಿತ್ತು. ರಾತ್ರಿಯೆಲ್ಲ ಮೇಲ್ಗಡೆ ಮನೆಯ ಫೋನು ಮೊಳಗಿತೇ ಎಂದು ಅರೆನಿದ್ದೆಯಲ್ಲಿ ಕಿವಿಯಿಟ್ಟು ಮಲಗಿದ್ದ. ಕೇಳಿದ ಹಾಗೂ ಆಗಿತ್ತು, ಕೇಳದ ಹಾಗೂ. ಹೋಗಿ ಬಾಗಿಲು ಬಡಿಯುವಂತಿರಲಿಲ್ಲ. ಸಾವಾಗಿದ್ದರೆ ಆ ಹೊಸಿಲ ಹತ್ತಿರವೂ ಪೂಜಾರಿ ಸುಳಿಯುವಂತಿಲ್ಲ; ಸಾವಿನ ಮನೆಯವರು ಕಾಲುವೆಯ ನೀರನ್ನು ಮುಟ್ಟುವಂತಿಲ್ಲ. ಬಿಳಿ ಬಟ್ಟೆ ಸೊಂಟಕ್ಕೆ ಸುತ್ತಿ, ಮೆಟ್ಟಿಲಿಳಿದು, ಮರದ ಬಕೀಟು ಮುಳುಗಿಸಿದ. ನೀರು ಕೈಯನ್ನು ಕಚ್ಚಿತು. ಎತ್ತಿ ಎಡ ಭುಜದ ಮೇಲೆ ಹುಯ್ದುಕೊಂಡ, ಬಲ ಭುಜದ ಮೇಲೆ, ತಲೆಯ ಮೇಲೆ. ಉಸಿರು ಒಳಗೇ ನಿಂತುಹೋಯಿತು. ಎಂದಿನಂತೆ ಕಾಲು ತಾನಾಗಿ ಮನೆಯ ಕಡೆಗೆ ತಿರುಗಿತು. ಅವನು ಅದನ್ನು ಕಲ್ಲಿನ ಮೇಲೆ ಒತ್ತಿ ಹಿಡಿದ. ನಿಂತ. ಹಲ್ಲುಗಳ ಕಟಕಟ ಕಡಿಮೆಯಾಗುವ ತನಕ, ಕಿವಿಯಲ್ಲಿ ಮೊರೆಯುತ್ತಿದ್ದ ತನ್ನದೇ ರಕ್ತ ಇಳಿಯುವ ತನಕ.

ಮೊದಲು ಕೇಳಿದ್ದು ಕೆಳಗಿನಿಂದ, ಸರೋವರದ ಕಡೆಯಿಂದ. ನೀರು ಮೈಮೇಲೆ ಬಿದ್ದು ಕಲ್ಲಿಗೆ ಒಡೆಯುವ ಸದ್ದು. ಆಮೇಲೆ ಅದಕ್ಕೂ ಹತ್ತಿರದಲ್ಲಿ ಇನ್ನೊಂದು. ಎದುರು ದಡದಲ್ಲಿ ಯಾರೋ ಕೆಮ್ಮಿ, ಮೆಟ್ಟಿಲನ್ನು ಕಾಲಿನಿಂದ ತಡವಿ, ಹುಯ್ದುಕೊಂಡರು. ಆ ಕೆಮ್ಮು ಸದಾಗೊರೊನದು. ಮೇಲೆ, ತಿರುವಿನಾಚೆ, ಮತ್ತೆ ಮತ್ತೆ. ಒಬ್ಬರ ಸದ್ದು ಇನ್ನೊಬ್ಬರದಕ್ಕೆ ಕಾಯುತ್ತಿರಲಿಲ್ಲ, ಒಬ್ಬರು ಇನ್ನೊಬ್ಬರನ್ನು ನೋಡುತ್ತಿರಲಿಲ್ಲ. ಕತ್ತಲಲ್ಲಿ, ಕಾಲುವೆಯ ಎರಡೂ ದಡದಲ್ಲಿ, ತನ್ನ ಕಿವಿ ಹಿಂಡಿದವರು, ತನ್ನನ್ನು ಕಂಡು ಬಾಗುವವರು, ಹಾದಿಯಲ್ಲಿ ಹವೆಯ ಮಾತಾಡಿ ಹೋಗುವವರು, ತಂತಮ್ಮ ಮನೆಯ ಕಲ್ಲಿನ ಮೇಲೆ ಒಬ್ಬೊಬ್ಬರೇ ನಿಂತು ತನಗಾಗಿ ನೀರು ಹುಯ್ದುಕೊಳ್ಳುತ್ತಿದ್ದರು. ನಿನ್ನೆಯೂ ಹುಯ್ದುಕೊಂಡಿದ್ದರು. ತಾನು ಬೆಚ್ಚನೆಯ ನೀರಿನಲ್ಲಿ ಸದ್ದು ಮಾಡುತ್ತಿದ್ದಾಗಲೂ. ಶಿಗೆಹಾರುವಿನ ರೋಮ ನಿಮಿರಿ ನಿಂತಿತು, ಚಳಿಗಲ್ಲ. ಇದುವರೆಗೂ ಪೆಟ್ಟಿಗೆಯ ಮುಂದೆ ಕೂತು ಕಾದಾಗ ಬಾರದಿದ್ದದ್ದು ಹೀಗೆ, ಮುಖವಿಲ್ಲದೆ, ಕಾಲುವೆಯುದ್ದಕ್ಕೂ ನಡೆದು ಬರುತ್ತಿತ್ತು. ಇದಕ್ಕೆ ನಮಸ್ಕರಿಸಬೇಕೆಂದರೆ ಯಾವ ಕಡೆಗೆ ತಿರುಗಿ ಬಾಗುವುದು?

ಮೇಲ್ಗಡೆ ಮನೆಯ ಮೆಟ್ಟಿಲು ಮಾತ್ರ ಸುಮ್ಮನಿತ್ತು. ಸದ್ದುಗಳ ನಡುವೆ ಆ ಜಾಗ, ಬಿದ್ದುಹೋದ ಹಲ್ಲಿನ ಜಾಗದಂತೆ, ಉಳಿದೆಲ್ಲಕ್ಕಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದೊಂದೇ ಸದ್ದು ನಿಂತಿತು. ಎಲ್ಲೋ ಬಾಗಿಲು ಸರಿದು ಮುಚ್ಚಿತು. ಫೋನು ಮೊಳಗಿತ್ತು ಹಾಗಾದರೆ. ಅವನು ಮೈಯನ್ನು ಮರೆತು ನಿಂತಿದ್ದ. ಆಮೇಲೆ ಬಗ್ಗಿ, ಬಕೀಟನ್ನು ಮತ್ತೆ ಮುಳುಗಿಸಿದ. ಇದು ಯಾಸುಕಿಚಿ ಅಜ್ಜನ ಪಾಲಿನದು. ಯಾರೂ ಹೇಳಿರಲಿಲ್ಲ, ಯಾರನ್ನೂ ಕೇಳಬೇಕೆನಿಸಲಿಲ್ಲ. ತುಂಬಿದ ಬಕೀಟು ಎದೆಯ ಮಟ್ಟಕ್ಕೆ ಬಂದಾಗ ಮೇಲ್ಗಡೆ ಮನೆಯ ಬಾಗಿಲು ಕಿರುಗುಟ್ಟಿತು. ನಿಧಾನವಾಗಿ, ಒಂದೊಂದು ಮೆಟ್ಟಿಲನ್ನೂ ನಂಬದ ಹೆಜ್ಜೆಗಳು ಅವನು ಕೆರೆದಿಟ್ಟಿದ್ದ ಕಲ್ಲಿನ ಮೇಲೆ ಇಳಿದವು. ಪ್ಲಾಸ್ಟಿಕ್ ಬಕೀಟು ದಡಕ್ಕೆ ತಾಗಿ ಟೊಳ್ಳಾಗಿ ಸದ್ದು ಮಾಡಿತು, ನೀರಿಗಿಳಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನೀರು ಬಿದ್ದಿತು, ಒಟ್ಟಾಗಿ ಅಲ್ಲ, ಅಭ್ಯಾಸವಿಲ್ಲದ ಕೈಯಿಂದ ಅರ್ಧ ಹೊರಗೆ ಚೆಲ್ಲುತ್ತ. ಅದರ ಹಿಂದೆಯೇ ಚಳಿಗೆ ಬೆಚ್ಚಿದ ಹೆಂಗಸಿನ ಒಂದು ಸಣ್ಣ ಬೈಗುಳ.

ಸಾವಿನ ಮನೆಯವರು ಈ ನೀರು ಮುಟ್ಟುವುದಿಲ್ಲ.

ಅವನು ಆ ಕಡೆಗೆ ನೋಡಲಿಲ್ಲ. ಬಕೀಟನ್ನು ತಲೆಯ ಮೇಲಕ್ಕೆ ಎತ್ತಿದ. ಮೇಲಿನಿಂದ ಅವಳ ಮೈ ತೊಳೆದು ಬಂದ ನೀರು ಅವನ ಪಾದಗಳನ್ನು ದಾಟಿಕೊಂಡು ಸರೋವರದ ಕಡೆಗೆ ಹೋಗುತ್ತಿತ್ತು.